ಹೊಸ ಏರ್ ರೈಫಲ್ ಗಾಳಿ ಸೋರುತ್ತಿದೆ: ವಾರಂಟಿಗೆ ಕಳಿಸುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಹತ್ತುಮೀಟರ್:
ಎಲ್ಲರಿಗೂ ನಮಸ್ಕಾರ. 10 ಮೀಟರ್ ಅಭ್ಯಾಸಕ್ಕೆ ಕೊಂಡ ಹೊಸ .177 ಬೋರಿನ (ನಳಿಗೆಯ ಒಳವ್ಯಾಸ, ಇಂಚಿನಲ್ಲಿ) ಪಿಸಿಪಿ ರೈಫಲ್ (ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಸಿಟ್ಟು ಹೊಡೆಯುವಂಥದ್ದು), ಪೆಟ್ಟಿಗೆ ತೆರೆದು 9 ದಿನ. ಸಿಲಿಂಡರ್ ಬಿಚ್ಚಿ ತೆಗೆಯುವಂಥದ್ದು, ಗರಿಷ್ಠ ಒತ್ತಡ 200 ಬಾರ್. ರಾತ್ರಿ 200ಕ್ಕೆ ತುಂಬಿಸಿಟ್ಟರೆ ಬೆಳಿಗ್ಗೆ 150ರ ಆಸುಪಾಸು ತೋರಿಸುತ್ತದೆ, ಒಂದು ಈಡೂ ಹಾರಿಸದೆ. ಡೀಲರ್ ಹೇಳುವುದು, "ಹೊಸದರಲ್ಲಿ ಹಾಗೇ, ಇನ್ನೂರು ಮುನ್ನೂರು ಶಾಟ್ ಆದ್ಮೇಲೆ ಸೀಲ್ ಕೂತ್ಕೊಳ್ಳುತ್ತೆ" ಅಂತ. ವಾರಂಟಿ 1 ವರ್ಷ. ಬಿಚ್ಚಿ ನೋಡಬಹುದಾ, ನೇರ ವಾಪಸ್ ಕಳಿಸಬೇಕಾ? ತಿಳಿದವರು ಹೇಳಿ.

ಗುರಿಕಾರ:
ಸದ್ಯಕ್ಕೆ ಒಂದು ಸ್ಕ್ರೂವನ್ನೂ ಮುಟ್ಟಬೇಡಿ. ಸ್ಕ್ರೂ ತಲೆಯ ಮೇಲೆ ಒಂದು ಗೀರು ಬಿದ್ದರೂ ಸರ್ವಿಸ್ ಸೆಂಟರ್‌ನವರ ಮೊದಲ ಉತ್ತರ "ಗ್ರಾಹಕರೇ ಬಿಚ್ಚಿದ್ದಾರೆ" ಎಂದಾಗುತ್ತದೆ.

ಎರಡನೆಯದು, ನಿಮ್ಮ 50 ಬಾರ್‌ನಲ್ಲಿ ಸೋರಿಕೆ ಎಷ್ಟು, ತಣಿದದ್ದು ಎಷ್ಟು ಅಂತ ಬೇರ್ಪಡಿಸಿ. ಬೇಗ ತುಂಬಿಸಿದರೆ ಸಿಲಿಂಡರ್ ಒಳಗಿನ ಗಾಳಿ ಬಿಸಿಯಾಗುತ್ತದೆ. 50 ಡಿಗ್ರಿಯಲ್ಲಿ 200 ಬಾರ್ ತೋರಿಸಿದ್ದು ಕೋಣೆಯ 25 ಡಿಗ್ರಿಗೆ ಇಳಿದಾಗ ಸೋರಿಕೆಯೇ ಇಲ್ಲದಿದ್ದರೂ ಸುಮಾರು 185 ಆಗುತ್ತದೆ. ಹಗಲು 30 ಇದ್ದದ್ದು ರಾತ್ರಿ 20ಕ್ಕೆ ಬಂದರೂ 200 ಇದ್ದದ್ದು 193 ಆಗುತ್ತದೆ. ಅಂದರೆ 7ರಿಂದ 15 ಬಾರ್ ಇಳಿತಕ್ಕೆ ದೂರು ಕೊಟ್ಟರೆ ನಿಲ್ಲುವುದಿಲ್ಲ. 50 ಬಾರ್ ಇಳಿತ ಮಾತ್ರ ಸೋರಿಕೆಯೇ, ಅದರಲ್ಲಿ ಅನುಮಾನ ಬೇಡ. ಸೀಲ್ "ಕೂರುವ" ಮಾತು ಸ್ಪ್ರಿಂಗ್ ಗನ್ನಿನ ಪಿಸ್ಟನ್ ಸೀಲಿಗೆ ಅಷ್ಟಿಷ್ಟು ಹೊಂದೀತು. ಪಿಸಿಪಿಯ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಮೊದಲ ದಿನದಿಂದಲೇ ಗಾಳಿ ಹಿಡಿಯಬೇಕು.

ಸರಿಯಾದ ಪರೀಕ್ಷೆ ಹೀಗೆ ಮಾಡಿ. ನಿಧಾನವಾಗಿ 190ಕ್ಕೆ ತುಂಬಿಸಿ, 1 ಗಂಟೆ ತಣಿಯಲು ಬಿಡಿ. ಆಮೇಲೆ ಮಾನೋಮೀಟರ್ (ಒತ್ತಡ ತೋರಿಸುವ ಗೇಜ್), ಪಕ್ಕದಲ್ಲಿ ಕೋಣೆಯ ಥರ್ಮಾಮೀಟರ್, ಅಂದಿನ ದಿನಪತ್ರಿಕೆ, ಮೂರೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಯಿರಿ. 24 ಗಂಟೆ ಬಿಟ್ಟು ಅದೇ ಹೊತ್ತಿಗೆ ಮತ್ತೊಂದು. ರೈಫಲ್ ಮೇಲಿನ ಪುಟ್ಟ ಮಾನೋಮೀಟರನ್ನು ಪೂರ್ತಿ ನಂಬುವಂತಿಲ್ಲ, ತುಂಬಿಸುವ ಬಾಟಲಿಯ ಗೇಜಿಗೆ ಒಮ್ಮೆ ತಾಳೆ ನೋಡಿ.

ಲೇತ್ ಮೇಸ್ತ್ರಿ:
ಗುರಿಕಾರರು ಹೇಳಿದ್ದು ಸರಿ. ಬಿಚ್ಚದೆಯೇ ಸೋರುವ ಜಾಗ ಹುಡುಕಬಹುದು, ಅದನ್ನು ಬರೆದು ಕಳಿಸಿದರೆ ಸರ್ವಿಸ್‌ನವರಿಗೂ ಅರ್ಧ ಕೆಲಸ ಕಡಿಮೆ. ರೈಫಲ್ ಖಾಲಿ ಇರಲಿ, ಪೆಲೆಟ್ (ಸೀಸದ ಗುಂಡು) ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ, ಕಾಕ್ ಮಾಡಬೇಡಿ (ಹಾರಿಸಲು ಎಳೆದು ಸಜ್ಜು ಮಾಡಬೇಡಿ), ಬ್ಯಾರೆಲ್ ಗೋಡೆ ಕಡೆಗಿರಲಿ.

ಮೊದಲು ಸಿಲಿಂಡರನ್ನು ತುಂಬಿಸಿ, ರೈಫಲ್‌ನಿಂದ ಬಿಚ್ಚಿ, ಒಂಟಿಯಾಗಿ 24 ಗಂಟೆ ಇಡಿ. ಮತ್ತೆ ಹಾಕಿದಾಗ ಒತ್ತಡ ಅಷ್ಟೇ ಇದ್ದರೆ ಸಿಲಿಂಡರ್ ಚೆನ್ನಾಗಿದೆ, ದೋಷ ರೈಫಲ್ ಒಳಗಿದೆ. ಒಂಟಿಯಾಗಿಯೇ ಇಳಿದಿದ್ದರೆ ಕುತ್ತಿಗೆಯ ವಾಲ್ವ್ ಅಥವಾ ಮಾನೋಮೀಟರಿನ ಸೀಲ್. ಕುತ್ತಿಗೆಯ ತುದಿಯನ್ನಷ್ಟೇ ಲೋಟದ ನೀರಿನಲ್ಲಿ ಅದ್ದಿ ಗುಳ್ಳೆ ನೋಡಿ. ಮಾನೋಮೀಟರ್ ಇರುವ ತುದಿ ನೀರಿಗೆ ತಾಗಕೂಡದು. ಆಮೇಲೆ ಚೆನ್ನಾಗಿ ಒರೆಸಿ ಒಣಗಿಸಿ.

ದೋಷ ರೈಫಲ್ ಕಡೆಗಿದ್ದರೆ ಮೂರು ಜಾಗ:

ಒಂದು, ಸಿಲಿಂಡರ್ ಕೂರುವ ಗಂಟು. ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಬ್ರಷ್‌ನಲ್ಲಿ ಹಚ್ಚಿ 2 ನಿಮಿಷ ನೋಡಿ.

ಎರಡು, ರೆಗ್ಯುಲೇಟರಿನ (ಪ್ರತಿ ಶಾಟಿಗೂ ಒತ್ತಡ ಒಂದೇ ಇರುವಂತೆ ನೋಡಿಕೊಳ್ಳುವ ಭಾಗ) ಉಸಿರು ರಂಧ್ರ. ಅದೊಂದು ಸಣ್ಣ ತೂತು. ಅಲ್ಲಿ ಗುಳ್ಳೆ ಬಂದರೆ ರೆಗ್ಯುಲೇಟರ್ ಒಳಗಿನ ಓ-ರಿಂಗ್ ಹೋಗಿದೆ. ಗುಳ್ಳೆ ಬರುತ್ತಿದೆ ಅಂತ ಯಾರಾದರೂ ಆ ತೂತನ್ನೇ ಮುಚ್ಚಿಬಿಟ್ಟರೆ ಅಪಾಯ. ಅದು ಇರುವುದೇ ಗಾಳಿ ಹೊರಹೋಗಲಿ ಅಂತ.

ಮೂರು, ಗಾಳಿ ಬಿಡುವ ಮುಖ್ಯ ವಾಲ್ವ್. ಇದು ಸೋರಿದರೆ ಗಾಳಿ ಬ್ಯಾರೆಲ್ ದಾರಿಯಲ್ಲಿ ಹೋಗುತ್ತದೆ. ಬ್ಯಾರೆಲ್ ತುದಿಗೆ ಸೋಪಿನ ನೀರು ಹಚ್ಚಬೇಡಿ, ಒಳಗಿಳಿದರೆ ತುಕ್ಕು. ಬೆರಳಿಟ್ಟು ನೋಡುವುದಂತೂ ಬೇಡವೇ ಬೇಡ. ಬೋಲ್ಟ್ ಮುಚ್ಚಿ, ತುದಿಗೆ ಮಕ್ಕಳ ಬಲೂನು ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಬಲೂನು ಉಬ್ಬಿದ್ದರೆ ದೋಷ ವಾಲ್ವ್ ಸೀಟಿನದು, ಅಂದರೆ ವಾಲ್ವ್ ಕೂತು ಮುಚ್ಚುವ ಜಾಗದ್ದು. ಹೊಸ ರೈಫಲ್‌ನಲ್ಲಿ ಕಾರ್ಖಾನೆಯ ಲೋಹದ ಚೂರೋ ತುಂಬಿಸುವ ಪೈಪಿನ ಧೂಳೋ ಸೀಟಿನ ಮೇಲೆ ಕೂತರೆ ಹೀಗಾಗುತ್ತದೆ.

ಬೆಳ್ತಂಗಡಿ ಹುಡುಗ:
ಮೇಸ್ತ್ರಿ ಅಣ್ಣ, ಇಪ್ಪತ್ತು ರೂಪಾಯಿಯ ಓ-ರಿಂಗಿಗೆ ಇಷ್ಟೆಲ್ಲ ಯಾಕೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದಲ್ಲ. ಒಂದು ತಿಂಗಳು ರೈಫಲ್ ಕೈಬಿಟ್ಟು ಕೂರುವುದಕ್ಕಿಂತ ಹಾಕಿಕೊಂಡರೆ ಮುಗಿಯಿತು.

ಲೇತ್ ಮೇಸ್ತ್ರಿ:
ತಮ್ಮಾ, ಮ್ಯಾನುಯಲ್ ತೆಗೆದು ನೋಡು. ಸಿಲಿಂಡರ್ ಕುತ್ತಿಗೆಯ ಓ-ರಿಂಗನ್ನು ಬಳಕೆದಾರರೇ ಬದಲಿಸಬಹುದು ಅಂತ ಬರೆದು, ಪೆಟ್ಟಿಗೆಯಲ್ಲಿ ಎರಡು ಹೆಚ್ಚುವರಿ ರಿಂಗ್ ಇಟ್ಟಿದ್ದರೆ ಧಾರಾಳವಾಗಿ ಬದಲಿಸು, ವಾರಂಟಿಗೆ ಧಕ್ಕೆ ಇಲ್ಲ. ಒಳಗಿನ ವಾಲ್ವ್, ರೆಗ್ಯುಲೇಟರ್ ಹಾಗಲ್ಲ.

ಅಂಗಡಿಯ ಮಾಮೂಲಿ ರಿಂಗ್ 70 ಶೋರ್ ಗಡಸುತನದ ನೈಟ್ರೈಲ್ ಆಗಿರುತ್ತದೆ. 200 ಬಾರ್‌ನಲ್ಲಿ ಅದು ಸಂದಿಗೆ ಹಿಂಡಿಕೊಂಡು ಅಂಚು ಕಿತ್ತುಹೋಗುತ್ತದೆ. ಈ ಒತ್ತಡಕ್ಕೆ 90 ಶೋರ್ ಬೇಕು. ಅಳತೆಯಲ್ಲೂ ಒಳವ್ಯಾಸ, ರಿಂಗಿನ ರಬ್ಬರಿನ ದಪ್ಪ ಎರಡನ್ನೂ ನೋಡಬೇಕು. ಗ್ರೀಸ್ ಸಿಲಿಕೋನಿನದ್ದೇ ಆಗಲಿ, ಅದೂ ಬೆರಳಿಗೆ ಜಿಡ್ಡು ಅನ್ನಿಸುವಷ್ಟು ಮಾತ್ರ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಹಾಕಬೇಡಿ. ಪೆಟ್ರೋಲಿಯಂ ಎಣ್ಣೆ ಹೆಚ್ಚು ಒತ್ತಡದ ಗಾಳಿಯಲ್ಲಿ ಹೊತ್ತಿಕೊಳ್ಳಬಹುದು. ಇದೇ ಕಾರಣಕ್ಕೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿನಿಂದ ಎಂದೂ ತುಂಬಿಸಬಾರದು. ಅದು ಸ್ಫೋಟವೇ.

ಒತ್ತಡ ಪೂರ್ತಿ ಇಳಿಸದೆ ಯಾವ ಗಂಟನ್ನೂ ಸಡಿಲಿಸಬೇಡಿ.

ಕರಾವಳಿ ಏರ್‌ಗನ್:
ಕೈಪಂಪು ಬಳಸುವವರು ಇದನ್ನು ಗಮನಿಸಿ. ನಮ್ಮ ಕರಾವಳಿ, ಮಲೆನಾಡಿನ ಜೂನ್-ಸೆಪ್ಟೆಂಬರ್ ಗಾಳಿಯಲ್ಲಿ ತೇವ ವಿಪರೀತ. ಪಂಪಿಗೆ ತೇವ ಹೀರುವ ಫಿಲ್ಟರ್ ಇಲ್ಲದಿದ್ದರೆ ಆ ನೀರೆಲ್ಲ ಸಿಲಿಂಡರಿಗೆ ಹೋಗುತ್ತದೆ. ಸರ್ವಿಸ್‌ನಲ್ಲಿ ತೆರೆದಾಗ ನೀರು ಕಂಡರೆ ವಾರಂಟಿ ತಿರಸ್ಕರಿಸಲು ಅದೊಂದೇ ಸಾಕು. ಐದು ನಿಮಿಷ ಒತ್ತಿ, ಪಂಪು ತಣಿಯಲು ಬಿಟ್ಟು, ನೀರು ಹೊರಬಿಡುವ ಸ್ಕ್ರೂ ತೆಗೆದು ಮತ್ತೆ ಶುರು ಮಾಡಿ. ಸಿಲಿಕಾ ಜೆಲ್ ಬಣ್ಣ ಬದಲಾದ ಕೂಡಲೇ ಬದಲಿಸಿ. ಹೊರಮೈಯ ತುಕ್ಕನ್ನು ಸಾಮಾನ್ಯವಾಗಿ ವಾರಂಟಿ ಒಪ್ಪುವುದಿಲ್ಲ, ಹಾಗಾಗಿ ಕಳಿಸುವ ಮುಂಚೆ ಪೂರ್ತಿ ಒರೆಸಿ ಫೋಟೋ ಇಟ್ಟುಕೊಳ್ಳಿ.

ಇನ್ನೊಂದು ಸುಳ್ಳು ದೋಷವೂ ಇದೆ. ರೆಗ್ಯುಲೇಟರ್ ಇಲ್ಲದ ಪಿಸಿಪಿಗೆ ಹೇಳಿದ್ದಕ್ಕಿಂತ ಹೆಚ್ಚು ತುಂಬಿಸಿದರೆ ಒಳಗಿನ ಒತ್ತಡ ವಾಲ್ವನ್ನು ಬಿಗಿಯಾಗಿ ಮುಚ್ಚಿಡುತ್ತದೆ, ವಾಲ್ವಿಗೆ ಬಡಿಯುವ ಒಳಗಿನ ಸುತ್ತಿಗೆ ಅದನ್ನು ತೆರೆಯಲಾರದು. ಶಾಟ್ ನಿಸ್ತೇಜ. "ಹೊಸ ರೈಫಲ್‌ಗೆ ಶಕ್ತಿಯೇ ಇಲ್ಲ" ಅನ್ನುವ ದೂರುಗಳಲ್ಲಿ ಇದೂ ಒಂದು.

ಅಡಿಕೆತೋಟ:
ಪಿಸಿಪಿ ಬಿಟ್ಟು ಸ್ಪ್ರಿಂಗರ್ (ಸ್ಪ್ರಿಂಗ್ ತಳ್ಳುವ ಪಿಸ್ಟನ್ನಿನ ಗನ್) ಬಗ್ಗೆ ಕೇಳಬಹುದಾ ಸರ್? ಹೊಸ ಬ್ರೇಕ್ ಬ್ಯಾರೆಲ್ (ಬ್ಯಾರೆಲ್ ಬಗ್ಗಿಸಿ ಕಾಕ್ ಮಾಡುವ) .177, ಹೊಡೆದಾಗ ಹೊಗೆ, ಎಣ್ಣೆ ಸುಟ್ಟ ವಾಸನೆ, 10 ಮೀಟರಿಗೆ ಅಂಗೈ ಅಗಲ ಚದುರುತ್ತದೆ. ಇದು ವಾರಂಟಿಗೆ ಬರುತ್ತದಾ?

ಗುರಿಕಾರ:
ಅಡಿಕೆತೋಟ ಅವರೇ, ಹೊಗೆ ಮತ್ತು ವಾಸನೆ ಕಾರ್ಖಾನೆಯ ಎಣ್ಣೆ ಪಿಸ್ಟನ್ ಮುಂದೆ ಸುಡುವುದರಿಂದ. ಮೊದಲ ಕೆಲವು ಡಜನ್ ಶಾಟ್‌ಗಳಲ್ಲಿ ತಾನಾಗಿ ನಿಲ್ಲಬೇಕು. ಅಲ್ಲಿಯವರೆಗೆ ವೇಗ ಏರುಪೇರಾಗುತ್ತದೆ, ಗುಂಪು (ಒಂದೇ ಗುರಿಗೆ ಹೊಡೆದ ತೂತುಗಳ ಹರವು) ಅಳೆಯಲೇಬೇಡಿ. 200 ದಾಟಿದರೂ ಹೊಗೆ, ಪಟಾಕಿಯಂಥ ಸದ್ದು ನಿಲ್ಲದಿದ್ದರೆ ಆಗ ದೂರು ಕೊಡಿ.

ಚದುರುವಿಕೆಗೆ ಈ ಕ್ರಮದಲ್ಲಿ ನೋಡಿ. ಸ್ಟಾಕ್ ಸ್ಕ್ರೂ ಬಿಗಿ ಇದೆಯೇ? ಸ್ಪ್ರಿಂಗರಿನ ಅದುರಿಗೆ ಸಡಿಲಾಗುವುದರಲ್ಲಿ ಇವೇ ಮೊದಲು. ಸ್ಕೋಪ್ ಹಾಕಿದ್ದರೆ ಮೌಂಟ್ ಹಿಂದೆ ಸರಿದಿದೆಯೇ, ರೈಲಿನ ಮೇಲೆ ಪೆನ್ಸಿಲ್ ಗೀಟು ಎಳೆದು ನೋಡಿ. ಸ್ಪ್ರಿಂಗರ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ, ಅದಕ್ಕೆಂದೇ ಮಾಡಿರದ ಸ್ಕೋಪ್ ಒಳಗೇ ಒಡೆಯುತ್ತದೆ. ಸ್ಕೋಪ್ ತೆಗೆದು ತೆರೆದ ಸೈಟಿನಲ್ಲಿ ಹೊಡೆದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುತ್ತದೆ. ಗಟ್ಟಿ ಇಟ್ಟಿಗೆ, ಮರದ ಮೇಲೆ ಇಟ್ಟು ಹೊಡೆಯಬೇಡಿ. ಮುಂದಿನ ಕೈಯ ಅಂಗೈಯನ್ನು ಸ್ಟಾಕಿನ ಕೆಳಗೆ ಬಿಚ್ಚಿಟ್ಟು, ರೈಫಲ್ ತನ್ನಷ್ಟಕ್ಕೆ ಜಗ್ಗಲು ಬಿಡಬೇಕು. ಕನಿಷ್ಠ ಮೂರು ಬಗೆಯ ಪೆಲೆಟ್, ಪ್ರತಿಯೊಂದರಲ್ಲೂ 5 ಗುಂಡಿನ 3 ಗುಂಪು.

ಇಷ್ಟಾದ ಮೇಲೂ ಚದುರಿದರೆ ರೈಫಲ್‌ನತ್ತ ತಿರುಗಿ. ಬ್ರೀಚ್ (ಪೆಲೆಟ್ ಹಾಕುವ ಬ್ಯಾರೆಲಿನ ಹಿಂತುದಿ) ಸೇರುವಲ್ಲಿ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಡೆಯಿರಿ, ಪಟ್ಟಿ ಹಾರಿದರೆ ಬ್ರೀಚ್ ಸೀಲ್ ಸೋರುತ್ತಿದೆ. ಬ್ಯಾರೆಲ್ ಮುಚ್ಚಿದಾಗ ಪಕ್ಕಕ್ಕೆ ಅಲುಗಾಡಿದರೆ ತಿರುಗಣೆಯ ದೋಷ. ಕಿವಿ ಒರೆಸುವ ಹತ್ತಿಯ ಕಡ್ಡಿಯನ್ನು ಬ್ಯಾರೆಲ್ ಬಾಯಂಚಿನಲ್ಲಿ ಒಳಗಿನಿಂದ ಹೊರಕ್ಕೆ ಎಳೆದರೆ ಹತ್ತಿ ಎಳೆ ಸಿಕ್ಕಿಕೊಳ್ಳುವ ಕಡೆ ಲೋಹದ ಮುಳ್ಳಿದೆ. ಕೊನೆಗೆ, ಒಂದು ಪೆಲೆಟನ್ನು ಶುಚಿ ಮಾಡುವ ಕಡ್ಡಿಯಿಂದ ನಿಧಾನ ತಳ್ಳಿ ಹೊರತೆಗೆಯಿರಿ. ಸುತ್ತಲೂ ಸಮನಾದ ಗೆರೆ ಇದ್ದರೆ ಸರಿ. ಒಂದೇ ಕಡೆ ಸೀಸ ಕೆತ್ತಿಹೋಗಿದ್ದರೆ ಕಾರ್ಖಾನೆಯ ದೋಷಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಂಥ ಐದು ಪೆಲೆಟನ್ನು ಪೊಟ್ಟಣ ಕಟ್ಟಿ ರೈಫಲ್ ಜತೆ ಕಳಿಸಿ.

ಪೆಲೆಟ್ ಇಲ್ಲದೆ ಸ್ಪ್ರಿಂಗರನ್ನು ಹಾರಿಸಬೇಡಿ. ಗಾಳಿಯ ತಡೆ ಇಲ್ಲದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ, ಸೀಲೂ ಸ್ಪ್ರಿಂಗೂ ಎರಡೂ ಹಾಳು.

ಕರಾವಳಿ ಏರ್‌ಗನ್:
ಕಾಕ್ ಮಾಡುವಾಗ ಕರಕರ ಸದ್ದು, ಮಧ್ಯದಲ್ಲಿ ಒಂದು ಟಕ್, ಜತೆಗೆ ವೇಗ ಇಳಿದಿದ್ದರೆ ಸ್ಪ್ರಿಂಗ್ ಮುರಿದಿದೆ ಅಂತ ಲೆಕ್ಕ. ಅದಕ್ಕೆ ಯಾರದೋ ಮಾತು ಕೇಳಿ "ಪವರ್ ಸ್ಪ್ರಿಂಗ್" ಹಾಕಿಸಬೇಡಿ. .177 ಬೋರು, 20 ಜೂಲ್ ಮಿತಿಯೊಳಗಿನ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಆ ಮಿತಿ ದಾಟಿಸಿದರೆ ವಾರಂಟಿಯ ಜತೆಗೆ ಕಾನೂನಿನ ರಕ್ಷಣೆಯೂ ಹೋಯಿತು. ಲೆಕ್ಕ ಸುಲಭ: 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 175 ಮೀಟರ್ ಹೋದರೆ ಸುಮಾರು 8 ಜೂಲ್, 275 ಮೀಟರ್ ಹೋದರೆ 20 ಜೂಲ್.

ಗ್ರಾಹಕಪರ:
ಕಾಗದದ ಕಡೆ ಬರುತ್ತೇನೆ. ಹತ್ತುಮೀಟರ್ ಅವರೇ, ಡೀಲರ್ ಜತೆ ಫೋನಿನಲ್ಲಿ ಮಾತಾಡುವುದನ್ನು ಇವತ್ತೇ ನಿಲ್ಲಿಸಿ ಬರಹಕ್ಕೆ ಬನ್ನಿ. "ಮುನ್ನೂರು ಶಾಟ್ ಹೊಡೆಯಿರಿ" ಅನ್ನುವ ಸಲಹೆಯಿಂದ ದಿನ ಕಳೆಯುತ್ತದೆ, ಆಮೇಲೆ "ಬಳಸಿದ ಮಾಲು" ಅನ್ನುವ ಮಾತು ಬರುತ್ತದೆ. ಡೀಲರಿಗೂ ತಯಾರಕರಿಗೂ ಒಂದೇ ಮೇಲ್ ಹೋಗಲಿ. ಹೀಗೆ ಸಾಕು:

"ಬಿಲ್ ಸಂಖ್ಯೆ ___, ದಿನಾಂಕ ___ರಂದು ಕೊಂಡ ರೈಫಲ್, ಸೀರಿಯಲ್ ಸಂಖ್ಯೆ ___. ಕೋಣೆಯ ಉಷ್ಣತೆ ___ ಡಿಗ್ರಿಯಲ್ಲಿ 190 ಬಾರ್ ಇದ್ದದ್ದು ಶಾಟ್ ಹಾರಿಸದೆ 24 ಗಂಟೆಯಲ್ಲಿ ___ ಬಾರಿಗೆ ಇಳಿದಿದೆ. ಸಿಲಿಂಡರ್ ಒಂಟಿಯಾಗಿ ಇಟ್ಟಾಗ ಇಳಿತ ___. ಫೋಟೋ ಲಗತ್ತಿಸಿದೆ. ರೈಫಲನ್ನು ಬಿಚ್ಚಿಲ್ಲ. ದೂರು ಸಂಖ್ಯೆ ಕೊಡಿ. ಸಾಗಣೆ ವೆಚ್ಚ ಎರಡೂ ದಿಕ್ಕಿಗೆ ಯಾರದು, ದುರಸ್ತಿಗೆ ಎಷ್ಟು ದಿನ, ಬಿಡಿಭಾಗ ಸಿಗದಿದ್ದರೆ ಬದಲಿ ಕೊಡುತ್ತೀರೋ ಹಣ ಮರಳಿಸುತ್ತೀರೋ, ಬರಹದಲ್ಲಿ ತಿಳಿಸಿ."

ಕೋಪದ ಒಂದು ಮಾತೂ ಬೇಡ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದೆಯೇ, ಸೀರಿಯಲ್ ಸಂಖ್ಯೆ ರೈಫಲ್ ಮೇಲಿನದಕ್ಕೆ ಅಕ್ಷರಶಃ ಹೊಂದುತ್ತದೆಯೇ, ವಾರಂಟಿ ಕಾರ್ಡಿಗೆ ಡೀಲರಿನ ಮುದ್ರೆ ಬಿದ್ದಿದೆಯೇ ನೋಡಿ. ಮುದ್ರೆ ಇಲ್ಲದಿದ್ದರೆ ನಾಳೆಯೇ ಹಾಕಿಸಿ.

ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಬಂದದ್ದನ್ನು ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ದೋಷಪೂರಿತ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನಲು ಮಾರಾಟಗಾರರಿಗೆ ಅವಕಾಶವಿಲ್ಲ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಾಟಗಾರ ಪುಣೆಯಲ್ಲಿದ್ದರೂ ಹಾಸನದಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು.

ತೂಕದಮಾತು:
ಒಂದು ತಿದ್ದುಪಡಿ. ಶೂಟಿಂಗ್ ಅಕಾಡೆಮಿಗಳ ಹೆಸರಲ್ಲಿ ನಾಲ್ಕೈದು ರೈಫಲ್ ಕೊಂಡವರಿಗೆ ಇದು ಇಷ್ಟು ಸಲೀಸಲ್ಲ. "ವಾಣಿಜ್ಯ ಉದ್ದೇಶ, ಹಾಗಾಗಿ ಇವರು ಗ್ರಾಹಕರಲ್ಲ" ಅಂತ ಎದುರು ಪಕ್ಷ ಆಕ್ಷೇಪ ಎತ್ತುತ್ತದೆ. ಸ್ವಂತ ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ ಮಾಡುವವರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಆದರೆ ಅದನ್ನು ನೀವು ತೋರಿಸಿಕೊಡಬೇಕು. ಕ್ರೀಡಾಪಟುವಿನ ರೈಫಲ್ ಆದರೆ ಬಿಲ್ ಕ್ರೀಡಾಪಟುವಿನ ಅಥವಾ ಪೋಷಕರ ಹೆಸರಿನಲ್ಲಿರಲಿ.

ಪ್ರಯೋಗಾಲಯ ಪರೀಕ್ಷೆ ಬೇಕಾದ ದೋಷ ಅಂತಾದರೆ ಆಯೋಗವೇ ವಸ್ತುವನ್ನು ಮುದ್ರೆ ಹಾಕಿ ಕಳಿಸುತ್ತದೆ, 45 ದಿನದಲ್ಲಿ ವರದಿ ಬರಬೇಕು. ಪರೀಕ್ಷೆ ಇಲ್ಲದ ಪ್ರಕರಣಕ್ಕೆ ಕಾಯ್ದೆ ಇಟ್ಟುಕೊಂಡ ಗುರಿ 3 ತಿಂಗಳು, ಇದ್ದರೆ 5. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ, ಅಷ್ಟು ದಿನ ರೈಫಲ್ ಕೈಯಲ್ಲಿರುವುದಿಲ್ಲ. ಸ್ಪರ್ಧೆ ಹತ್ತಿರವಿರುವ ಮಕ್ಕಳಿಗೆ ಇದು ದೊಡ್ಡ ನಷ್ಟ. ಹಾಗಾಗಿ ಮೇಲಿನ ಮೇಲ್ ಅನ್ನೇ ಚೆನ್ನಾಗಿ ಬರೆದು ಅಲ್ಲೇ ಮುಗಿಸಲು ನೋಡಿ.

ಬೆಳ್ತಂಗಡಿ ಹುಡುಗ:
ಒಪ್ಪಿದೆ. ಈಗ ಕಳಿಸುವುದು ಹೇಗೆ? ಏರ್‌ಗನ್ ಅಂದ ಕೂಡಲೇ ಕೊರಿಯರ್‌ನವರು ಆಗಲ್ಲ ಅಂತ ಕೈಯಾಡಿಸುತ್ತಾರೆ.

ಕರಾವಳಿ ಏರ್‌ಗನ್:
ಸಾಧ್ಯವಾದಷ್ಟು ಡೀಲರಿನ ಕೈಗೇ ಕೊಟ್ಟು ರಸೀದಿ ಪಡೆಯಿರಿ, ಮುಂದಿನ ಸಾಗಣೆ ಅವರ ಜವಾಬ್ದಾರಿ. ನೀವೇ ಕಳಿಸಬೇಕಾದರೆ ಬುಕಿಂಗ್ ಕೌಂಟರಿನಲ್ಲಿ ಮೊದಲೇ ಕೇಳಿ, ರಸ್ತೆ ಸಾಗಣೆಯನ್ನೇ ಆರಿಸಿ. "ಕ್ರೀಡಾ ಸಾಮಗ್ರಿ" ಅಂತ ಮುಚ್ಚಿ ಬರೆಯಬೇಡಿ. "ಏರ್ ರೈಫಲ್ .177, ಖಾಲಿ, ದುರಸ್ತಿಗೆ" ಅಂತ ಇದ್ದದ್ದನ್ನೇ ಬರೆಯಿರಿ. ತಪ್ಪು ಬರೆದ ಪೆಟ್ಟಿಗೆ ಕಳೆದುಹೋದರೆ ವಿಮೆಯೂ ಸಿಗುವುದಿಲ್ಲ.

ಸಿಲಿಂಡರ್ ಪೂರ್ತಿ ಖಾಲಿಯಾಗಿರಬೇಕು. ಒತ್ತಡದ ಗಾಳಿ ಅಪಾಯಕಾರಿ ಸರಕು, ವಿಮಾನಕ್ಕೆ ಹತ್ತಿಸುವುದಿಲ್ಲ. ಜತೆಗೆ ಬಂದಿರುವ ಗಾಳಿ ಬಿಡುವ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಮುಖದಿಂದ ದೂರ ಹಿಡಿದು ಬಿಡಿ. ಬೇಗ ಬಿಟ್ಟರೆ ಮಂಜು ಕಟ್ಟುವಷ್ಟು ತಣ್ಣಗಾಗಿ ಓ-ರಿಂಗ್ ಗಡುಸಾಗುತ್ತದೆ. ಸಿಲಿಂಡರ್ ಮೇಲೆ ಮುದ್ರಿಸಿದ ತಯಾರಿಕೆಯ ದಿನಾಂಕದ ಫೋಟೋ ತೆಗೆಯಿರಿ. ಮ್ಯಾಚ್ (ಸ್ಪರ್ಧೆಯ) ರೈಫಲಿನ ಸಿಲಿಂಡರಿನ ಬಾಳಿಕೆ ಸಾಮಾನ್ಯವಾಗಿ 10 ವರ್ಷ, ಅದನ್ನು ಎಣಿಸುವುದು ತಯಾರಿಕೆಯ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಹೊಸದೆಂದು ಮಾರಿದ ರೈಫಲ್ಲಿಗೆ ನಾಲ್ಕು ವರ್ಷ ಹಳೆಯ ಸಿಲಿಂಡರ್ ಇದ್ದರೆ ಅದೇ ಒಂದು ದೂರು.

ಸೈಟ್, ಸ್ಕೋಪ್, ಬೆಲ್ಟ್, ಪೆಲೆಟ್ ಡಬ್ಬಿ ತೆಗೆದಿಡಿ. ಮೂಲ ಪೆಟ್ಟಿಗೆ, ಎರಡು ತುದಿಗೂ 5 ಸೆಂ.ಮೀ. ಫೋಮ್. ಪ್ಯಾಕ್ ಮಾಡುವುದನ್ನು ಒಂದೇ ಓಟದಲ್ಲಿ ವಿಡಿಯೋ ಮಾಡಿ, ಸೀರಿಯಲ್ ಸಂಖ್ಯೆಯಿಂದ ಶುರುವಾಗಿ ತೂಕದ ಯಂತ್ರದಲ್ಲಿ ಮುಗಿಯಲಿ. ಬಿಲ್ ಪ್ರತಿ, ದೂರು ಸಂಖ್ಯೆ, ದೋಷದ ವಿವರ ಒಳಗೊಂದು, ಹೊರಗೊಂದು.

ತೂಕದಮಾತು:
ವಿದೇಶಿ ಮ್ಯಾಚ್ ರೈಫಲ್ ಕೊಂಡವರಿಗೆ: ಭಾರತದ ಏಜೆಂಟರೇ ದುರಸ್ತಿ ಮಾಡಿದರೆ ಒಳ್ಳೆಯದು, ಕೊಳ್ಳುವಾಗಲೇ ಇದನ್ನು ಬರೆಸಿಕೊಳ್ಳಿ. ಕಾರ್ಖಾನೆಗೇ ಹೋಗಬೇಕಾದರೆ ಹೊರಗೆ ಕಳಿಸುವಾಗಲೇ ಕಸ್ಟಮ್ಸ್ ಕಾಗದದಲ್ಲಿ "ದುರಸ್ತಿಗಾಗಿ, ಮರಳಿ ಬರಲಿದೆ" ಅಂತ ಸೀರಿಯಲ್ ಸಂಖ್ಯೆ ಸಮೇತ ದಾಖಲಾಗಬೇಕು. ಕಸ್ಟಮ್ಸ್ ಅಧಿಸೂಚನೆ ಪ್ರಕಾರ ಮರಳಿ ಬರುವಾಗ ಸುಂಕ ಬೀಳುವುದು ರೈಫಲಿನ ಪೂರ್ತಿ ಬೆಲೆಗಲ್ಲ. ದುರಸ್ತಿಯ ನ್ಯಾಯವಾದ ವೆಚ್ಚ, ವಿಮೆ, ಎರಡೂ ದಿಕ್ಕಿನ ಸಾಗಣೆ, ಇಷ್ಟರ ಮೇಲೆ. ವಾರಂಟಿಯಲ್ಲಿ ಉಚಿತವಾಗಿ ಮಾಡಿಕೊಟ್ಟರೂ ಆ ವೆಚ್ಚವನ್ನು ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಬದಲಿಸಿದ ಭಾಗಗಳ ಬೆಲೆ ಬರೆದ ಪತ್ರವನ್ನು ಕಾರ್ಖಾನೆಯಿಂದ ಕೇಳಿ ತರಿಸಿ.

ಕಾವೇರಿತೀರ:
ತೋಟಾ ಬಳಸುವ, ಪರವಾನಗಿ ಬೇಕಾದ .22 ಮತ್ತು ದೊಡ್ಡ ಬೋರಿನ ರೈಫಲ್‌ಗಳಿಗೆ ಮೇಲಿನ ಕೊರಿಯರ್ ದಾರಿ ಇಲ್ಲವೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ದುರಸ್ತಿ, ಪರೀಕ್ಷೆಯ ಕಸುಬಿಗೂ ಪರವಾನಗಿ ಬೇಕು. ಕೊಂಡ ಅಂಗಡಿಗೇ ಒಯ್ದು, ಲೈಸೆನ್ಸ್ ತೋರಿಸಿ, ಸೀರಿಯಲ್ ಸಂಖ್ಯೆ ಬರೆದ ರಸೀದಿ ಪಡೆದೇ ಬಿಡಬೇಕು. ನಮ್ಮ ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಊರಿನ ವೆಲ್ಡಿಂಗ್‌ನವನಿಗೆ ಅದನ್ನು ಬಿಚ್ಚುವ ಅಧಿಕಾರ ಕೊಡುವುದಿಲ್ಲ. ಗುಂಡು ಹಾರದೆ ಉಳಿದರೆ ಬ್ಯಾರೆಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾದು ಬೋಲ್ಟ್ ತೆರೆಯಿರಿ. ಪಿನ್ ಗುರುತು ತೆಳುವಾಗಿ ಬಿದ್ದ ತೋಟಾದ ಹತ್ತಿರದ ಫೋಟೋವೇ ದೂರಿಗೆ ಆಧಾರ, ಎರಡು ಬ್ರ್ಯಾಂಡಿನ ತೋಟಾದಲ್ಲೂ ಹಾಗಾದರೆ ಮಾತ್ರ ರೈಫಲನ್ನು ದೂರಿ. ಮರುಬಣ್ಣ, ಪಾಲಿಶ್ ಅಂತ ಸಂಖ್ಯೆಯ ಮೇಲೆ ಅರ ಆಡಿಸಲು ಬಿಡಬೇಡಿ. ಗುರುತು ಅಳಿಸುವುದು ಅಪರಾಧ, ಅಂಥ ಆಯುಧ ಯಾರ ಬಳಿ ಇದೆಯೋ ಅವರೇ ಅಳಿಸಿದ್ದಾರೆ ಅಂತ ಕಾನೂನು ಭಾವಿಸುತ್ತದೆ, ಅಲ್ಲ ಅಂತ ಅವರೇ ಸಾಬೀತು ಮಾಡಬೇಕು.

ಹತ್ತುಮೀಟರ್:
ಎಲ್ಲರಿಗೂ ಧನ್ಯವಾದ. ಫಲಿತಾಂಶ: 26 ಡಿಗ್ರಿಯಲ್ಲಿ ಸಿಲಿಂಡರ್ ಒಂಟಿಯಾಗಿ 190ರಿಂದ 189. ರೈಫಲ್‌ಗೆ ಹಾಕಿಟ್ಟಾಗ 24 ಗಂಟೆಯಲ್ಲಿ 190ರಿಂದ 118. ಗಂಟಿನಲ್ಲಿ, ಉಸಿರು ರಂಧ್ರದಲ್ಲಿ ಗುಳ್ಳೆ ಇಲ್ಲ. ಬಲೂನು ಪೂರ್ತಿ ಉಬ್ಬಿದೆ. ಮೇಲ್ ಹೋಗಿದೆ, ದೂರು ಸಂಖ್ಯೆ ಬಂದಿದೆ, ಸಾಗಣೆ ವೆಚ್ಚ ಅವರದೇ ಅಂತ ಬರಹದಲ್ಲಿ ಒಪ್ಪಿದ್ದಾರೆ.

ಲೇತ್ ಮೇಸ್ತ್ರಿ:
ಹಾಗಾದರೆ ವಾಲ್ವ್ ಸೀಟೇ. ವಾಪಸ್ ಬಂದಾಗ ಜಾಬ್ ಶೀಟಿನಲ್ಲಿ ಯಾವ ಭಾಗ ಬದಲಿಸಿದರು ಅಂತ ಹೆಸರು ಇರಬೇಕು, "ಸರ್ವಿಸ್ ಮಾಡಲಾಗಿದೆ" ಅಂತಷ್ಟೇ ಇದ್ದರೆ ಬರೆಸಿ ತೆಗೆದುಕೊಳ್ಳಿ. ರಸೀದಿಗೆ "ಪರೀಕ್ಷೆಗೆ ಒಳಪಟ್ಟು ಸ್ವೀಕರಿಸಿದೆ" ಅಂತ ಸೇರಿಸಿ ಸಹಿ ಹಾಕಿ. ಅದೇ 190 ಬಾರ್, 24 ಗಂಟೆ ಪರೀಕ್ಷೆ ಮತ್ತೊಮ್ಮೆ.

ವಾಲ್ವ್ ಬಿಚ್ಚಿದ ಮೇಲೆ ವೇಗ ಬದಲಾಗಿರಬಹುದು. ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯುವ ಯಂತ್ರ) ಸಿಕ್ಕಿದರೆ ರಾತ್ರಿಯಿಡೀ ತುಂಬಿಸಿಟ್ಟ ರೈಫಲಿನ ಮೊದಲ ಶಾಟನ್ನು ಬೇರೆ ಬರೆದುಕೊಳ್ಳಿ, ಆಮೇಲೆ ಹತ್ತು. ಮೊದಲನೆಯದು ಮಾತ್ರ ಎದ್ದು ಕಾಣುವಷ್ಟು ಜೋರಾಗಿದ್ದರೆ ರೆಗ್ಯುಲೇಟರ್ ನಿಧಾನವಾಗಿ ಒತ್ತಡ ಒಳಗೆ ಬಿಡುತ್ತಿದೆ. ಅದು ಬೇರೆಯೇ ದೋಷ, ಅದೇ ದೂರು ಸಂಖ್ಯೆಯಡಿ ಆ ವಾರದೊಳಗೇ ಬರೆದು ತಿಳಿಸಿ.